ಪರೀಕ್ಷೆಗೆ ಕರೆಯುವವರು ಯಾರು?

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ ಇರುವುದು ರಾಜಧಾನಿ ರಾಲಿಯಲ್ಲಿ. ಸರ್ಕಾರಿ ಕ್ಲಿನಿಕ್‌ಗಳಲ್ಲಿ ಎಚ್‌ಐವಿ ಪರೀಕ್ಷೆಗೆಂದು ತೆಗೆದ ರಕ್ತ ಅಲ್ಲಿಗೆ ಬರುತ್ತದೆ. 2002ರ ನವೆಂಬರ್‌ವರೆಗೆ, ‘ಸೋಂಕಿಲ್ಲ’ ಎಂದು ವರದಿ ಬರೆದರೆ ಆ ಮಾದರಿಯ ಕೆಲಸ ಮುಗಿಯಿತೆಂದೇ ಲೆಕ್ಕ. ಆ ತಿಂಗಳಿನಿಂದ ಒಂದು ವರ್ಷ ಕಾಲ ಚಾಪೆಲ್ ಹಿಲ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಪಿಲ್ಚರ್, ಪೀಟರ್ ಲಿಯೋನ್ ಮತ್ತು ಸಂಗಡಿಗರು ರಾಜ್ಯದ ಆರೋಗ್ಯ ಇಲಾಖೆಯ ಜೊತೆ ಸೇರಿ, ‘ಸೋಂಕಿಲ್ಲ’ ಎಂದು ಬದಿಗಿಟ್ಟ ಮಾದರಿಗಳನ್ನೇ ಮತ್ತೆ ಎತ್ತಿಕೊಂಡು ಪರೀಕ್ಷಿಸಿದರು.

ಅದಕ್ಕೆ ಕಾರಣವಿತ್ತು. ಎಚ್‌ಐವಿ ದೇಹವನ್ನು ಹೊಕ್ಕ ಕೂಡಲೇ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಆಗ ಬಳಕೆಯಲ್ಲಿದ್ದ ಸಾಮಾನ್ಯ ಪರೀಕ್ಷೆ ಹುಡುಕುತ್ತಿದ್ದುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಅಳತೆಗೆ ಸಿಗುವಷ್ಟಾಗಲು ಸುಮಾರು ಮೂರು ವಾರದಿಂದ ಮೂರು ತಿಂಗಳು ಬೇಕು. ಅದಕ್ಕೆ ಮುಂಚೆ ಪರೀಕ್ಷಿಸುವುದೆಂದರೆ ಬಿತ್ತಿದ ಮರುದಿನವೇ ಹೊಲದಲ್ಲಿ ಮೊಳಕೆ ಹುಡುಕಿದ ಹಾಗೆ. ಆ ವಾರಗಳಲ್ಲಿ ವೈರಸ್ ಮಾತ್ರ ಸುಮ್ಮನಿರುವುದಿಲ್ಲ. ತಡೆಯುವವರಿಲ್ಲದೆ ಹೆಚ್ಚುತ್ತಾ ಹೋಗಿ, ಒಂದು ಮಿಲಿಲೀಟರ್ ರಕ್ತದಲ್ಲಿ ಲಕ್ಷಗಟ್ಟಲೆ, ಕೆಲವರಲ್ಲಿ ಹತ್ತಾರು ಲಕ್ಷ ಪ್ರತಿಗಳಾಗಿ ತುಂಬಿಕೊಳ್ಳುತ್ತದೆ. ಜ್ವರ, ಗಂಟಲು ನೋವು, ಮೈಮೇಲೆ ದದ್ದು ಕಾಣಿಸಿಕೊಳ್ಳಬಹುದು. ಫ್ಲೂ ಬಂದಿತ್ತು ಎಂದುಕೊಂಡು ಮರೆತುಬಿಡುತ್ತಾರೆ. ಒಬ್ಬರಿಂದ ಇನ್ನೊಬ್ಬರಿಗೆ ಸೋಂಕು ದಾಟುವ ಸಾಧ್ಯತೆ ಅತಿ ಹೆಚ್ಚಾಗಿರುವುದು ಇದೇ ದಿನಗಳಲ್ಲಿ, ಕೈಯಲ್ಲಿ ‘ಸೋಂಕಿಲ್ಲ’ ಎಂಬ ಚೀಟಿ ಇರುವಾಗ.

ವೈರಸ್ಸಿನ ಆರ್‌ಎನ್‌ಎಯನ್ನೇ ನೇರವಾಗಿ ಹಿಡಿಯುವ ಪರೀಕ್ಷೆ ಆಗಲೇ ಇತ್ತು. ಆದರೆ ಅದು ದುಬಾರಿ, ಲಕ್ಷ ಜನಕ್ಕೆ ಮಾಡಿಸುವಂಥದ್ದಲ್ಲ. ಪಿಲ್ಚರ್ ತಂಡ ಹಿಡಿದ ದಾರಿ ಹಳೆಯದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸೈನ್ಯಕ್ಕೆ ಸೇರುವವರ ಸಿಫಿಲಿಸ್ ತಪಾಸಣೆಗೆಂದು ರಾಬರ್ಟ್ ಡಾರ್ಫ್‌ಮನ್ 1943ರಲ್ಲಿ ಒಂದು ಲೆಕ್ಕಾಚಾರ ಸೂಚಿಸಿದ್ದರು: ಹಲವರ ರಕ್ತವನ್ನು ಬೆರೆಸಿ ಒಂದೇ ಸಲ ಪರೀಕ್ಷಿಸಿ, ಇಲ್ಲ ಎಂದು ಬಂದರೆ ಅಷ್ಟೂ ಜನರದು ಮುಗಿಯಿತು, ಇದೆ ಎಂದು ಬಂದರೆ ಮಾತ್ರ ಬಿಡಿಬಿಡಿಯಾಗಿ ನೋಡಿ. 2020ರ ಕೊರೊನಾ ದಿನಗಳಲ್ಲಿ ಐದು ಮಾದರಿಗಳವರೆಗೆ ಬೆರೆಸಿ ನೋಡಬಹುದು ಎಂದು ಐಸಿಎಂಆರ್ ಹೇಳಿದ್ದು ಇದೇ ಉಪಾಯವನ್ನು. ರಾಲಿಯಲ್ಲಿ ತೊಂಬತ್ತು ಮಾದರಿಗಳನ್ನು ಒಟ್ಟಿಗೆ ಬೆರೆಸಿದರು. ಒಂದೊಂದು ಮಾದರಿಗೆ ತಗುಲಿದ ಹೆಚ್ಚುವರಿ ಖರ್ಚು ನಾಲ್ಕು ಡಾಲರಿಗೂ ಕಡಿಮೆ.

ಒಂದು ವರ್ಷದಲ್ಲಿ 1,09,250 ಜನರ ರಕ್ತ ನೋಡಿದರು. 606 ಮಂದಿಗೆ ಸೋಂಕಿತ್ತು. ಅವರಲ್ಲಿ 23 ಮಂದಿ ಈ ಹೊಸ ಕ್ರಮ ಇಲ್ಲದಿದ್ದರೆ ‘ಸೋಂಕಿಲ್ಲ’ ಎಂಬ ಚೀಟಿ ಹಿಡಿದು ಮನೆಗೆ ಹೋಗುತ್ತಿದ್ದವರು. 23 ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಆದರೆ ಅವರಿಗೆಲ್ಲ ಸೋಂಕು ತಗುಲಿದ್ದು ಕಳೆದ ಕೆಲವೇ ವಾರಗಳಲ್ಲಿ. ಯಾರ ಜೊತೆ ಇದ್ದರು, ಎಲ್ಲಿ ಭೇಟಿಯಾದರು ಎಂಬುದು ಅವರಿಗೆ ಇನ್ನೂ ಚೆನ್ನಾಗಿ ನೆನಪಿತ್ತು. ಹೀಗೆ ಹೊಸದಾಗಿ ಸೋಂಕಿಗೆ ಸಿಕ್ಕವರಲ್ಲಿ ಕಾಲೇಜು ಹುಡುಗರು ಕಾಣಿಸಿಕೊಂಡಾಗ ತನಿಖೆಯವರು ಹಳೆಯ ಕಡತಗಳನ್ನು ತೆಗೆದರು. 2000ದಿಂದ 2003ರವರೆಗೆ ರಾಜ್ಯದಲ್ಲಿ ಎಚ್‌ಐವಿ ಪತ್ತೆಯಾದ ಕಾಲೇಜು ಯುವಕರು 84. ಅವರಲ್ಲಿ 73 ಮಂದಿ ಕಪ್ಪುಜನರು, ಹೆಚ್ಚಿನವರು ಪುರುಷರೊಂದಿಗೆ ಸಂಬಂಧ ಇದ್ದವರು.

ಮೊದಲು ಎದ್ದ ಪ್ರಶ್ನೆ ಎಲ್ಲ ಸಮಾಜಗಳಲ್ಲೂ ಏಳುವಂಥದ್ದೇ: ಈ ಹುಡುಗರು ಏನು ತಪ್ಪು ಮಾಡಿದರು? ಹೆಚ್ಚು ಸಂಗಾತಿಗಳೇ, ಹೆಚ್ಚು ಮಾದಕ ವಸ್ತುವೇ, ಕಾಂಡೋಮ್ ಬಗ್ಗೆ ಅಸಡ್ಡೆಯೇ? ಗ್ರೆಗೊರಿಯೊ ಮಿಲೆಟ್ ಎಂಬ ಸಂಶೋಧಕ ಈ ಊಹೆಗಳನ್ನು ಒಂದೊಂದಾಗಿ ಪರಿಶೀಲಿಸಿದರು. 2006ರಲ್ಲಿ ಅವರೂ ಸಂಗಡಿಗರೂ ಅದುವರೆಗಿನ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ ಓದಿದರು. 2012ರಲ್ಲಿ ಅಮೆರಿಕ, ಬ್ರಿಟನ್, ಕೆನಡಾಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಪ್ಪು ಗೇ ಪುರುಷರ ನಡವಳಿಕೆ ಬಿಳಿಯರದ್ದಕ್ಕಿಂತ ಹೆಚ್ಚು ಅಪಾಯಕರವಾಗಿರಲಿಲ್ಲ. ಸಂಗಾತಿಗಳ ಸಂಖ್ಯೆ, ಮಾದಕ ವಸ್ತುಗಳ ಬಳಕೆ ಎರಡರಲ್ಲೂ ಅವರು ಸಮ ಅಥವಾ ಕಡಿಮೆಯೇ ಇದ್ದರು. ಆದರೂ ಸೋಂಕು ಹಲವು ಪಟ್ಟು ಹೆಚ್ಚಿತ್ತು.

ಈ ಒಗಟಿಗೆ ಉತ್ತರ ಲೆಕ್ಕದಲ್ಲಿದೆ, ನಾವೇ ಮಾಡಿ ನೋಡಬಹುದು. 2008ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, 21 ನಗರಗಳಲ್ಲಿ ಗೇ ಬಾರು, ಕ್ಲಬ್ಬು ಮುಂತಾದೆಡೆ ಸಿಕ್ಕ ಎಂಟು ಸಾವಿರಕ್ಕೂ ಹೆಚ್ಚು ಪುರುಷರನ್ನು ಪರೀಕ್ಷಿಸಿತು. ಅಂಥ ಜಾಗಗಳಿಗೆ ಹೋಗದವರು ಈ ಲೆಕ್ಕದಲ್ಲಿಲ್ಲ, ಅದನ್ನು ನೆನಪಿಡಬೇಕು. ಕಪ್ಪು ಪುರುಷರಲ್ಲಿ ಶೇ 28, ಬಿಳಿಯರಲ್ಲಿ ಶೇ 16 ಮಂದಿಗೆ ಸೋಂಕಿತ್ತು. ಸೋಂಕಿದ್ದವರಲ್ಲಿ ತಮಗೆ ಅದು ಇದೆ ಎಂಬುದೇ ಗೊತ್ತಿಲ್ಲದವರು ಕಪ್ಪುಜನರಲ್ಲಿ ಶೇ 59, ಬಿಳಿಯರಲ್ಲಿ ಶೇ 26. ಎರಡನ್ನೂ ಗುಣಿಸಿದರೆ, ನೂರು ಕಪ್ಪು ಪುರುಷರಲ್ಲಿ ಹದಿನಾರು ಹದಿನೇಳು ಮಂದಿ ಅರಿವಿಲ್ಲದ ಸೋಂಕಿತರು. ನೂರು ಬಿಳಿಯರಲ್ಲಿ ನಾಲ್ವರು. ಈಗ ಇಬ್ಬರು ಯುವಕರನ್ನು ಕಲ್ಪಿಸಿಕೊಳ್ಳಿ, ಒಬ್ಬ ಕಪ್ಪು, ಒಬ್ಬ ಬಿಳಿಯ. ಇಬ್ಬರಿಗೂ ತಮ್ಮ ತಮ್ಮ ಸಮುದಾಯದೊಳಗೆ ಮೂವರು ಸಂಗಾತಿಗಳು. ಆ ಮೂವರಲ್ಲಿ ಒಬ್ಬನಾದರೂ ಅರಿವಿಲ್ಲದ ಸೋಂಕಿತನಾಗಿರುವ ಸಾಧ್ಯತೆ ಬಿಳಿಯ ಹುಡುಗನಿಗೆ ನೂರರಲ್ಲಿ ಹನ್ನೆರಡು, ಕಪ್ಪು ಹುಡುಗನಿಗೆ ನೂರರಲ್ಲಿ ಸುಮಾರು ನಲವತ್ತೆರಡು. ಇಬ್ಬರೂ ಮಾಡಿದ್ದು ಒಂದನ್ನೇ. ಒಬ್ಬ ಮೂರೂವರೆ ಪಟ್ಟು ಹೆಚ್ಚು ಅಪಾಯದಲ್ಲಿದ್ದಾನೆ.

ಇದು ಸರಳಗೊಳಿಸಿದ ಲೆಕ್ಕ. ನಿಜ ಜೀವನದಲ್ಲಿ ವಯಸ್ಸಿನ ಅಂತರ, ಇತರ ಲೈಂಗಿಕ ಸೋಂಕುಗಳು, ಆರೋಗ್ಯ ವಿಮೆ ಇಲ್ಲದಿರುವುದು ಎಲ್ಲವೂ ಸೇರಿಕೊಳ್ಳುತ್ತವೆ. ಆದರೂ ತಿರುಳು ಬದಲಾಗುವುದಿಲ್ಲ. ಅಪಾಯ ಇರುವುದು ಒಬ್ಬೊಬ್ಬನ ನಡತೆಯಲ್ಲಿ ಮಾತ್ರವಲ್ಲ, ಅವನು ಸೇರಿರುವ ಬಳಗದಲ್ಲಿ. ಸಣ್ಣ ಬಳಗ, ಜನಾಂಗಭೇದದಿಂದಾಗಿ ಹೊರಗಿನವರೊಂದಿಗೆ ಬೆರೆಯಲು ಅವಕಾಶ ಕಡಿಮೆ, ಒಳಗೆ ಅರಿವಿಲ್ಲದ ಸೋಂಕು ಹೆಚ್ಚು. ಈ ಸ್ಥಿತಿಯಲ್ಲಿ ‘ನೀನು ಜಾಗ್ರತೆಯಾಗಿರು’ ಎಂದು ಒಬ್ಬ ಹುಡುಗನಿಗೆ ಬುದ್ಧಿ ಹೇಳಿದರೆ ಸಾಲದು. ಬಳಗದೊಳಗಿನ ಅರಿವಿಲ್ಲದ ಸೋಂಕನ್ನು ಕಡಿಮೆ ಮಾಡಬೇಕು, ಅದಕ್ಕೆ ಪರೀಕ್ಷೆಯೇ ಮೊದಲ ಮೆಟ್ಟಿಲು. ಸಿಡಿಸಿಯ ಲೆಕ್ಕದಂತೆ 2016ರಲ್ಲಿ ಅಮೆರಿಕದ ಎಚ್‌ಐವಿ ಸೋಂಕಿತರಲ್ಲಿ ತಮ್ಮ ಸ್ಥಿತಿ ಅರಿಯದವರು ಶೇ 15ರಷ್ಟು ಮಾತ್ರ. ಹೊಸ ಸೋಂಕುಗಳಲ್ಲಿ ಶೇ 38 ಅವರಿಂದಲೇ ದಾಟಿದ್ದವು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಂದಾಜು ಇಡೀ ದೇಶವನ್ನು ಬೆಚ್ಚಿಬೀಳಿಸಿತು: ಆಗಿನ ವೇಗದಲ್ಲೇ ನಡೆದರೆ ಬದುಕಿನ ಅವಧಿಯಲ್ಲಿ ಕಪ್ಪು ಗೇ ಪುರುಷರಲ್ಲಿ ಇಬ್ಬರಲ್ಲಿ ಒಬ್ಬರಿಗೆ, ಲ್ಯಾಟಿನೊ ಗೇ ಪುರುಷರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಎಚ್‌ಐವಿ ಬರುತ್ತದೆ. ಬಿಳಿಯ ಗೇ ಪುರುಷರಲ್ಲಿ ಅದು ಹನ್ನೊಂದರಲ್ಲಿ ಒಬ್ಬರಿಗೆ.

ಹಾಗಾದರೆ ಪರೀಕ್ಷೆಗೆ ಬರದಿರಲು ಕಾರಣವೇನು? ಅಜ್ಞಾನ ಎಂದು ಬಿಡುವುದು ಸುಲಭ. ಆದರೆ ಚರಿತ್ರೆಯನ್ನೂ ನೋಡಬೇಕು. ಅಲಬಾಮಾದ ಟಸ್ಕೀಗಿಯಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸೇವೆಯವರು 1932ರಿಂದ 1972ರವರೆಗೆ, ನಲವತ್ತು ವರ್ಷ, ಸಿಫಿಲಿಸ್ ಇದ್ದ 399 ಕಪ್ಪು ಪುರುಷರನ್ನು ಚಿಕಿತ್ಸೆ ಕೊಡದೆ ನೋಡುತ್ತಾ ಕುಳಿತರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ರೋಗ ಸಾವಿನವರೆಗೆ ಹೇಗೆ ಸಾಗುತ್ತದೆ ಎಂದು ತಿಳಿಯುವುದಷ್ಟೇ ಅವರಿಗೆ ಬೇಕಿತ್ತು. 1972ರಲ್ಲಿ ಪತ್ರಿಕೆಗಳಲ್ಲಿ ಬಯಲಾಗಿ ಅದು ನಿಂತಿತು; ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ. ಆ ಅಧ್ಯಯನವನ್ನು ಕೊನೆಯ ವರ್ಷಗಳಲ್ಲಿ ನಡೆಸುತ್ತಿದ್ದುದು ಸಿಡಿಸಿ. ಅದೇ ಸಂಸ್ಥೆ ಮುಂದಿನ ದಶಕದಲ್ಲೇ ಬಂದು ‘ರಕ್ತ ಕೊಡಿ, ನಿಮ್ಮ ಒಳ್ಳೆಯದಕ್ಕೇ’ ಎಂದರೆ ಅನುಮಾನ ಪಡುವುದು ಅಜ್ಞಾನವೇ?

ಹಳೆಯ ಗಾಯದ ಮೇಲೆ ಹೊಸವೂ ಇದ್ದವು. ಮನೆಯಲ್ಲಿ ತಿಳಿದರೆ ಹೊರಗೆ ಹಾಕುತ್ತಾರೆಂಬ ಭಯ, ಚರ್ಚಿನಲ್ಲಿ ಪಾಪದ ಮಾತು, ವೈದ್ಯರ ಮುಂದೆ ಬಾಯಿ ಬಿಡಲಾಗದ ಸಂಕೋಚ. ಲ್ಯಾಟಿನೊ ವಲಸಿಗರಿಗೆ ಇನ್ನೊಂದು ಹೆದರಿಕೆ. 1987ರಿಂದ 2010ರ ಜನವರಿವರೆಗೆ ಎಚ್‌ಐವಿ ಇದ್ದ ವಿದೇಶಿಯರಿಗೆ ಅಮೆರಿಕದೊಳಗೆ ಪ್ರವೇಶವಿರಲಿಲ್ಲ, ನೆಲೆಸಲು ಅನುಮತಿ ಸಿಗುತ್ತಿರಲಿಲ್ಲ. ಆ ವರ್ಷಗಳಲ್ಲಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ ಕನ್ನಡಿಗರೂ ವೈದ್ಯಕೀಯ ತಪಾಸಣೆಯಲ್ಲಿ ಈ ಪರೀಕ್ಷೆಗೆ ರಕ್ತ ಕೊಟ್ಟೇ ಮುಂದೆ ಹೋಗಿದ್ದಾರೆ. ಕಾಗದಪತ್ರ ಸರಿಯಿಲ್ಲದ ಹುಡುಗನಿಗೆ ಪರೀಕ್ಷೆಯ ಟೇಬಲ್ಲೂ ವಲಸೆ ಇಲಾಖೆಯ ಟೇಬಲ್ಲೂ ಒಂದೇ ಆಗಿ ಕಂಡರೆ ಆಶ್ಚರ್ಯವಿಲ್ಲ. ಕಾನೂನೂ ನೆರವಾಗಲಿಲ್ಲ. ಸೋಂಕು ಇದೆಯೆಂದು ಗೊತ್ತಿದ್ದೂ ಹೇಳದೆ ಸಂಪರ್ಕ ಮಾಡಿದರೆ ಹಲವು ರಾಜ್ಯಗಳಲ್ಲಿ ಜೈಲು. ಮಿಸೌರಿಯಲ್ಲಿ ಕಾಲೇಜಿನ ಕುಸ್ತಿಪಟುವಾಗಿದ್ದ ಕಪ್ಪು ಗೇ ಯುವಕನೊಬ್ಬನಿಗೆ 2015ರಲ್ಲಿ 30 ವರ್ಷದ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು, 2019ರಲ್ಲಿ ಅವನು ಹೊರಬಂದ, 2021ರಲ್ಲಿ ರಾಜ್ಯ ಆ ಕಾನೂನನ್ನೇ ತಿದ್ದಿತು. ಅಷ್ಟರಲ್ಲಿ ಆ ಸುದ್ದಿ ಓದಿದ ಎಷ್ಟೋ ಹುಡುಗರು ಒಂದು ಪಾಠ ಕಲಿತಿರಬೇಕು: ಗೊತ್ತಿಲ್ಲದಿದ್ದರೆ ಶಿಕ್ಷೆಯಿಲ್ಲ. ಪರೀಕ್ಷೆಯನ್ನು ಉತ್ತೇಜಿಸುವ ಸರ್ಕಾರವೇ ಪರೀಕ್ಷೆಗೆ ದಂಡ ಇಡುವುದು ನನ್ನ ಮಟ್ಟಿಗೆ ಆರೋಗ್ಯ ನೀತಿಯ ದೊಡ್ಡ ಅನ್ಯಾಯ.

ಸರ್ಕಾರದ ಪ್ರಚಾರಗಳು ನಡೆದವು. 2006ರಲ್ಲಿ ಸಿಡಿಸಿ 13ರಿಂದ 64 ವರ್ಷದ ಎಲ್ಲರಿಗೂ ಆಸ್ಪತ್ರೆಯ ವಾಡಿಕೆ ತಪಾಸಣೆಯಲ್ಲೇ ಎಚ್‌ಐವಿ ಪರೀಕ್ಷೆ ಸೇರಬೇಕು ಎಂದಿತು. 2011ರಲ್ಲಿ ಕಪ್ಪು ಗೇ ಮತ್ತು ದ್ವಿಲಿಂಗಾಸಕ್ತ ಪುರುಷರಿಗೆಂದೇ ಒಂದು ಪ್ರಚಾರಾಂದೋಲನ ಆರಂಭವಾಯಿತು. ಅಟ್ಲಾಂಟಾ, ಬಾಲ್ಟಿಮೋರ್ ಮೊದಲಾದ ಆರು ನಗರಗಳಲ್ಲಿ ಪೋಸ್ಟರು, ಜಾಹೀರಾತು ಕಾಣಿಸಿಕೊಂಡವು. ಬೇಕಾದ ಕೆಲಸವೇ. ಆದರೆ ಆಸ್ಪತ್ರೆಗೇ ಹೋಗದವನಿಗೆ ಆಸ್ಪತ್ರೆಯ ನಿಯಮ ಮುಟ್ಟುವುದಿಲ್ಲ, ಪೋಸ್ಟರಿಗೆ ಎದುರು ಪ್ರಶ್ನೆ ಕೇಳಲಾಗುವುದಿಲ್ಲ.

ಹಾಗಾದರೆ ಜನ ನಂಬುವುದು ಯಾರ ಮಾತನ್ನು? ಅದನ್ನು ತಿಳಿಯಲು ನಾವು ಮೆಕ್ಕೆಜೋಳದ ಹೊಲಗಳಿಗೆ ಹೋಗಬೇಕಾಗುತ್ತದೆ. 1943ರಲ್ಲೇ, ಡಾರ್ಫ್‌ಮನ್ ರಕ್ತ ಬೆರೆಸುವ ಲೆಕ್ಕ ಬರೆದ ವರ್ಷವೇ, ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಅಯೋವಾ ರಾಜ್ಯದ ರೈತರು ಹೈಬ್ರಿಡ್ ಮೆಕ್ಕೆಜೋಳಕ್ಕೆ ಹೇಗೆ ಒಲಿದರು ಎಂಬ ಅಧ್ಯಯನ ಪ್ರಕಟಿಸಿದರು. ಹೊಸ ಬೀಜದಿಂದ ಇಳುವರಿ ಹೆಚ್ಚು ಎಂಬ ವಿಷಯವನ್ನು ರೈತರು ಮೊದಲು ಕೇಳಿದ್ದು ಬೀಜ ಮಾರುವವರಿಂದ. ಆದರೆ ಕೇಳಿದ ಎಷ್ಟೋ ವರ್ಷ ಅವರು ಅದನ್ನು ಬಿತ್ತಲಿಲ್ಲ. ಬಿತ್ತಿದ್ದು ಪಕ್ಕದ ಹೊಲದವನು ಬಿತ್ತಿ, ತೆನೆ ಕಂಡು, ಅವನ ಬಾಯಿಂದ ಕೇಳಿದ ಮೇಲೆ. ಸುದ್ದಿ ತಲುಪುವ ದಾರಿ ಬೇರೆ, ನಂಬಿಕೆ ತಲುಪುವ ದಾರಿ ಬೇರೆ ಎಂಬುದು ಅಲ್ಲಿ ಅಳತೆಗೆ ಸಿಕ್ಕಿತು. ಎವರೆಟ್ ರೋಜರ್ಸ್ 1962ರ ತಮ್ಮ ಪುಸ್ತಕದಲ್ಲಿ ಇದನ್ನು ಬೆಳೆಸಿ, ಹೊಸತನ್ನು ಒಂದು ಸಮುದಾಯ ಹೇಗೆ ಒಪ್ಪಿಕೊಳ್ಳುತ್ತದೆ ಎಂಬ ಸಿದ್ಧಾಂತವಾಗಿ ಕಟ್ಟಿದರು.

ಮನಶ್ಶಾಸ್ತ್ರಜ್ಞ ಜೆಫ್ರಿ ಕೆಲ್ಲಿ ಆ ಸಿದ್ಧಾಂತವನ್ನು ಮಿಸಿಸಿಪಿಯ ಬಿಲಾಕ್ಸಿ ಎಂಬ ಸಣ್ಣ ನಗರದ ಗೇ ಬಾರುಗಳಿಗೆ ಒಯ್ದರು. ಅವರು ಮಾಡಿದ ಮೊದಲ ಕೆಲಸ ನನಗೆ ಬಹಳ ಮೆಚ್ಚುಗೆಯಾದದ್ದು. ಯಾರನ್ನು ತರಬೇತಿಗೆ ಆರಿಸಬೇಕು ಎಂದು ಅವರು ವೈದ್ಯರನ್ನು ಕೇಳಲಿಲ್ಲ, ಸಂಘದ ಅಧ್ಯಕ್ಷರನ್ನು ಕೇಳಲಿಲ್ಲ. ಬಾರ್‌ನಲ್ಲಿ ಪಾನೀಯ ಕೊಡುವವರನ್ನು ಕೇಳಿದರು: ಒಳಗೆ ಬಂದರೆ ಎಲ್ಲರೂ ಮಾತಾಡಿಸುವುದು ಯಾರನ್ನು? ಹಲವರ ಬಾಯಲ್ಲಿ ಬಂದ ಹೆಸರುಗಳನ್ನು ಹಿಡಿದು, ಅವರನ್ನೂ ಅವರ ಗೆಳೆಯರನ್ನೂ ಸೇರಿಸಿ 43 ಮಂದಿಗೆ ತರಬೇತಿ ಕೊಟ್ಟರು. ಕಲಿಸಿದ್ದು ಉಪನ್ಯಾಸವನ್ನಲ್ಲ, ಮಾತುಕತೆಯನ್ನು. ‘ನೀನು ಹೀಗೆ ಮಾಡು’ ಎನ್ನದೆ ‘ನಾನು ಹೀಗೆ ಮಾಡುತ್ತೇನೆ’ ಎಂದು ಹೇಳುವುದನ್ನು. ಬಾರುಗಳ ಗೋಡೆಯ ಮೇಲೆ ಟ್ರಾಫಿಕ್ ದೀಪದ ಚಿತ್ರ, ಇವರ ಅಂಗಿಯ ಮೇಲೂ ಅದೇ ಚಿತ್ರದ ಬಿಲ್ಲೆ. ಅದೇನು ಎಂದು ಯಾರಾದರೂ ಕೇಳಿದರೆ ಮಾತು ಶುರು. 1991ರಲ್ಲಿ ಪ್ರಕಟವಾದ ಫಲಿತಾಂಶ: ಹಿಂದಿನ ಎರಡು ತಿಂಗಳಲ್ಲಿ ಅಸುರಕ್ಷಿತ ಸಂಪರ್ಕ ಮಾಡಿದವರ ಪ್ರಮಾಣ ಶೇ 36.9ರಿಂದ 27.5ಕ್ಕೆ ಇಳಿದಿತ್ತು.

ಎಲ್ಲ ಕಡೆ ಇದು ಫಲಿಸಲಿಲ್ಲ. ಲಂಡನ್ನಿನ ಜಿಮ್‌ಗಳಲ್ಲಿ, ಗ್ಲಾಸ್ಗೋದ ಬಾರುಗಳಲ್ಲಿ ಇದೇ ಮಾದರಿಯ ಪ್ರಯೋಗಗಳು ನಿರೀಕ್ಷಿಸಿದ ಬದಲಾವಣೆ ತರಲಿಲ್ಲ. ಜಿಮ್ಮಿಗೆ ಜನ ಬರುವುದು ವ್ಯಾಯಾಮಕ್ಕೆ; ತೂಕ ಎತ್ತುತ್ತಿರುವವನ ಬಳಿ ಹೋಗಿ ಎಚ್‌ಐವಿ ಮಾತೆತ್ತುವುದು ತರಬೇತಿ ಪಡೆದವರಿಗೂ ಕಷ್ಟವಾಯಿತು. ಬಳಗ ಎಂಬುದು ಒಂದು ಕಟ್ಟಡದಲ್ಲಿ ಸೇರಿದ ಜನ ಅಲ್ಲ. ಈ ಸೋಲಿನ ಪಾಠ ಗೆಲುವಿನಷ್ಟೇ ಬೆಲೆಯುಳ್ಳದ್ದು.

ಬಿಲಾಕ್ಸಿಯ ಪ್ರಯೋಗ ನಡೆದದ್ದು ಬಹುಪಾಲು ಬಿಳಿಯರ ನಡುವೆ. ಕಪ್ಪು ಯುವಕರ ನಡುವೆ ಅದನ್ನು ಹಾಗೆಯೇ ನೆಟ್ಟರೆ ಬೇರೂರುವುದಿಲ್ಲ ಎಂದು ಅರಿತವರು ನಾರ್ತ್ ಕ್ಯಾರೊಲಿನಾದವರೇ. ಕಾಲೇಜು ಹುಡುಗರ ಸೋಂಕು ಬಯಲಾದ ಬಳಿಕ ಅಲ್ಲಿನ ಸಮುದಾಯ ಸಂಘಟನೆಗಳೂ ಆರೋಗ್ಯ ಇಲಾಖೆಯೂ ಸೇರಿ ಆ ಕ್ರಮವನ್ನು ತಿದ್ದಿ ಮೂರು ನಗರಗಳಲ್ಲಿ ನಡೆಸಿದರು. ಕಾಂಡೋಮಿನ ಮಾತಿನ ಜೊತೆಗೆ ಬಣ್ಣದ ಕಾರಣಕ್ಕೆ ಒಮ್ಮೆ, ಪ್ರೀತಿಯ ಕಾರಣಕ್ಕೆ ಇನ್ನೊಮ್ಮೆ ಅವಮಾನ ಉಣ್ಣುವ ಹುಡುಗ ತನ್ನನ್ನು ತಾನು ಕೀಳೆಂದು ಕಾಣದಿರುವುದು ಹೇಗೆ ಎಂಬ ಮಾತೂ ಸೇರಿತು. ಒಂದು ವರ್ಷದ ಬಳಿಕ ಅಸುರಕ್ಷಿತ ಸಂಪರ್ಕ ಇಳಿದಿತ್ತು.

ಪರೀಕ್ಷೆಗೆ ಕರೆತರುವ ವಿಷಯದಲ್ಲಿ ಇದಕ್ಕಿಂತ ನೇರವಾದ ಪುರಾವೆಯೊಂದಿದೆ. 2003ರಿಂದ 2005ರವರೆಗೆ ಏಳು ನಗರಗಳ ಒಂಬತ್ತು ಸಮುದಾಯ ಸಂಸ್ಥೆಗಳು ಒಂದು ಕೆಲಸ ಮಾಡಿದವು. ಸೋಂಕಿರುವವರನ್ನು ಅಥವಾ ಸೋಂಕಿನ ಅಪಾಯ ಹೆಚ್ಚಿರುವವರನ್ನು ಕೂರಿಸಿಕೊಂಡು, ‘ನಿಮ್ಮ ಬಳಗದಲ್ಲಿ ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು ಎನ್ನುವಂಥವರು ಯಾರಿದ್ದಾರೆ, ನೀವೇ ಕರೆತರುತ್ತೀರಾ?’ ಎಂದು ಕೇಳಿದವು. ಹೀಗೆ ಒಪ್ಪಿದವರು 422 ಮಂದಿ. ಅವರು ಕರೆತಂದದ್ದು 3,172 ಜನರನ್ನು. ಅವರಲ್ಲಿ 177 ಮಂದಿಗೆ ಸೋಂಕಿತ್ತು, ನೂರಕ್ಕೆ ಐದೂವರೆಗಿಂತ ಸ್ವಲ್ಪ ಹೆಚ್ಚು. ಸಿಡಿಸಿಯ ಹಣದಲ್ಲಿ ನಡೆಯುತ್ತಿದ್ದ ಉಳಿದ ಪರೀಕ್ಷಾ ಕೇಂದ್ರಗಳಲ್ಲಿ ಇದು ನೂರಕ್ಕೆ ಒಂದರ ಸುಮಾರು. ಅದೇ ಪರೀಕ್ಷೆ, ಅದೇ ಸೂಜಿ. ಕರೆದವರು ಬೇರೆ. ಯಾವ ಬಳಗದ ದಾರಿಯಲ್ಲಿ ಸೋಂಕು ಸಾಗಿತ್ತೋ ಅದೇ ದಾರಿಯಲ್ಲಿ ಪರೀಕ್ಷೆಯ ಕರೆಯೂ ಸಾಗಿದ್ದರಿಂದ ಐದು ಪಟ್ಟು ಹೆಚ್ಚು ಸೋಂಕಿತರು ಸಿಕ್ಕರು.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಅಂಥ ಬಳಗಗಳಿಗೆ ಮೊದಲೇ ಒಂದು ರೂಪವಿತ್ತು. ಕಪ್ಪು ಮತ್ತು ಲ್ಯಾಟಿನೊ ಗೇ ಯುವಕರು, ಟ್ರಾನ್ಸ್ ಮಹಿಳೆಯರು ಸೇರುವ ‘ಬಾಲ್’ ಎಂಬ ಅದ್ದೂರಿ ಸ್ಪರ್ಧೆಗಳಲ್ಲಿ ನೃತ್ಯ, ನಡಿಗೆ, ವೇಷಭೂಷಣ ಎಲ್ಲಕ್ಕೂ ಬಹುಮಾನ. ಸ್ಪರ್ಧಿಗಳು ‘ಹೌಸ್’ಗಳಿಗೆ ಸೇರಿರುತ್ತಾರೆ, 1970ರ ದಶಕದ ಆರಂಭದಲ್ಲಿ ಕ್ರಿಸ್ಟಲ್ ಲಬೇಜಾ ಕಟ್ಟಿದ ಹೌಸ್ ಇವುಗಳಲ್ಲಿ ಮೊದಲಿನದು. ಒಂದೊಂದು ಹೌಸ್‌ಗೂ ಒಬ್ಬ ತಾಯಿ, ಒಬ್ಬ ತಂದೆ. ಹೆತ್ತವರು ಹೊರಹಾಕಿದ ಹುಡುಗನಿಗೆ ಊಟ, ಮಲಗಲು ಜಾಗ, ಬುದ್ಧಿಮಾತು ಸಿಗುವುದು ಅಲ್ಲೇ. 2004ರ ಸುಮಾರಿಗೆ ಈ ಸಮುದಾಯದ 504 ಮಂದಿಯನ್ನು ಪರೀಕ್ಷಿಸಿದಾಗ ಶೇ 17ರಷ್ಟು ಮಂದಿಗೆ ಸೋಂಕಿತ್ತು, ಅವರಲ್ಲಿ ಶೇ 73 ಮಂದಿಗೆ ಅದು ಗೊತ್ತೇ ಇರಲಿಲ್ಲ. ಏಡ್ಸ್ ಬಂದ ಹೊಸತರಲ್ಲಿ, 1982ರಲ್ಲಿ, ಹುಟ್ಟಿದ ಜಿಎಂಎಚ್‌ಸಿ ಎಂಬ ಸಂಸ್ಥೆ ಇವರ ನಡುವೆ ಹೊರಗಿನಿಂದ ಮೇಜು ಹಾಕಿ ಕುಳಿತುಕೊಳ್ಳಲಿಲ್ಲ. ‘ಹೌಸ್ ಆಫ್ ಲೇಟೆಕ್ಸ್’ ಎಂದು ತಾನೇ ಒಂದು ಹೌಸ್ ಕಟ್ಟಿತು, ವರ್ಷಕ್ಕೊಮ್ಮೆ ‘ಲೇಟೆಕ್ಸ್ ಬಾಲ್’ ನಡೆಸಿತು. ಕುಣಿತದ ಸಭಾಂಗಣದಲ್ಲೇ ಕಾಂಡೋಮ್, ಮಾಹಿತಿ, ಪರೀಕ್ಷೆ. ಶಿಕಾಗೊದಲ್ಲಿ ಸಿಬಿಲ್ ಹೊಸೆಕ್ ಮತ್ತು ಸಂಗಡಿಗರು ಬಿಲಾಕ್ಸಿಯ ವಿಧಾನವನ್ನು ಈ ಹೌಸ್‌ಗಳಿಗೆ ಹೊಂದಿಸಿದರು. ಬಾರಿನ ಕೌಂಟರಿನಲ್ಲಿ ಹುಡುಕಿದ ಹೆಸರು ಇಲ್ಲಿ ತಾನಾಗಿಯೇ ಸಿಗುತ್ತಿತ್ತು. ಮಕ್ಕಳನ್ನು ಪರೀಕ್ಷೆಗೆ ಕಳಿಸಬೇಕು ಎಂದು ಹೌಸ್‌ನ ತಾಯಿಗೆ ಮನವರಿಕೆಯಾದರೆ ಸಾಕು.

ಸಭಾಂಗಣದಲ್ಲಿ ಪರೀಕ್ಷೆ ಸಾಧ್ಯವಾದದ್ದು ಒಂದು ಸಣ್ಣ ಸಾಧನದಿಂದ. ಹಿಂದೆ ರಕ್ತ ಕೊಟ್ಟು ಒಂದೆರಡು ವಾರ ಬಿಟ್ಟು ವರದಿಗೆ ಮತ್ತೆ ಬರಬೇಕಿತ್ತು. 2000ದಲ್ಲಿ ಅಮೆರಿಕದ ಸರ್ಕಾರಿ ಕೇಂದ್ರಗಳಲ್ಲಿ ಸೋಂಕು ಪತ್ತೆಯಾದ ಹತ್ತು ಮಂದಿಯಲ್ಲಿ ಮೂವರು ವರದಿ ಕೇಳಲು ಬರಲೇ ಇಲ್ಲ. 2002ರಲ್ಲಿ ಬೆರಳ ತುದಿಯ ಹನಿ ರಕ್ತದಿಂದ, 2004ರಲ್ಲಿ ವಸಡಿನ ದ್ರವದಿಂದ ಇಪ್ಪತ್ತು ನಿಮಿಷದಲ್ಲಿ ಫಲಿತಾಂಶ ಹೇಳುವ ಕಿಟ್‌ಗಳಿಗೆ ಅನುಮತಿ ಸಿಕ್ಕಿತು. 2012ರಲ್ಲಿ ಅದನ್ನು ಔಷಧ ಅಂಗಡಿಯಲ್ಲಿ ಕೊಂಡು ಮನೆಯಲ್ಲೇ ಮಾಡಿಕೊಳ್ಳುವುದು ಸಾಧ್ಯವಾಯಿತು.

ಆ ಹೊತ್ತಿಗೆ ಬಳಗಗಳು ಬಾರಿನಿಂದ ಫೋನಿಗೆ ಸರಿದಿದ್ದವು. ಲಾಸ್ ಏಂಜಲೀಸ್‌ನಲ್ಲಿ ಶಾನ್ ಯಂಗ್ ಎಂಬ ಸಂಶೋಧಕ 112 ಪುರುಷರನ್ನು, ಹೆಚ್ಚಿನವರು ಕಪ್ಪುಜನರು ಮತ್ತು ಲ್ಯಾಟಿನೊಗಳು, ಫೇಸ್‌ಬುಕ್ಕಿನ ಮುಚ್ಚಿದ ಗುಂಪುಗಳಲ್ಲಿ ಸೇರಿಸಿದರು. ಕೆಲವು ಗುಂಪುಗಳಲ್ಲಿ ಅವರ ಓರಗೆಯವರೇ ಎಚ್‌ಐವಿ ತಡೆಯ ಬಗ್ಗೆ ಮಾತಾಡಿದರು. ಉಳಿದವುಗಳಲ್ಲಿ ಸಾಮಾನ್ಯ ಆರೋಗ್ಯದ ಮಾತು. ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆಯ ಕಿಟ್ ಬೇಕೆಂದು ಕೇಳಿದವರು ಮೊದಲ ಬಗೆಯಲ್ಲಿ 57ರಲ್ಲಿ 25, ಎರಡನೆಯದರಲ್ಲಿ 55ರಲ್ಲಿ 11. ಆದರೆ ಆ 25 ಮಂದಿಯಲ್ಲಿ ಪರೀಕ್ಷೆ ಮಾಡಿ ಫಲಿತಾಂಶ ಕೇಳಿದವರು ಒಂಬತ್ತೇ ಮಂದಿ. ಕಿಟ್ ತರಿಸಿ ಕಪಾಟಿನಲ್ಲಿಟ್ಟವನ ಭಯವನ್ನು ಅಂಚೆ ಕಳೆಯಲಾರದು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಸಿಡಿಸಿಯವರು ದೊಡ್ಡ ಪ್ರಮಾಣದಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಕಿಟ್ ಪಡೆದ ಗುಂಪಿನಲ್ಲಿ 25 ಹೊಸ ಸೋಂಕು ಪತ್ತೆಯಾದವು, ಪಡೆಯದ ಗುಂಪಿನಲ್ಲಿ 11. ಇಷ್ಟೇ ಆಗಿದ್ದರೆ ಆಶ್ಚರ್ಯವಿರಲಿಲ್ಲ. ಪಡೆದವರು ಮಿಕ್ಕ ಕಿಟ್‌ಗಳನ್ನು ತಮ್ಮ ಗೆಳೆಯರಿಗೆ ಹಂಚಿದ್ದರು, ಆ ಗೆಳೆಯರಲ್ಲಿ ಇನ್ನೂ 34 ಸೋಂಕುಗಳು ಪತ್ತೆಯಾದವು. ಅಂಚೆ ಮುಟ್ಟದ ಮನೆಗಳಿಗೆ ಗೆಳೆತನ ಮುಟ್ಟಿತ್ತು.

ಪರೀಕ್ಷೆಯ ನಂತರದ ದಿನಗಳಿಗೆ ವ್ಯವಸ್ಥೆ ಇಲ್ಲದಿದ್ದರೆ ಇಷ್ಟೆಲ್ಲ ವ್ಯರ್ಥ. ಈಗ ಹೇಳಲು ಒಳ್ಳೆಯ ಸುದ್ದಿಯಿದೆ. ದಿನಕ್ಕೊಂದು ಮಾತ್ರೆಯಲ್ಲಿ ವೈರಸ್ಸನ್ನು ಅಳತೆಗೆ ಸಿಗದಷ್ಟು ಕೆಳಗಿಳಿಸಬಹುದು, ಹಾಗೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ದಾಟುವುದಿಲ್ಲ. 2019ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ 782 ಗೇ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಕಾಂಡೋಮ್ ಇಲ್ಲದ ಸಂಪರ್ಕಗಳ ಲೆಕ್ಕ ಎಪ್ಪತ್ತಾರು ಸಾವಿರದ ಸುಮಾರು; ಸಂಗಾತಿಯಿಂದ ಸಂಗಾತಿಗೆ ದಾಟಿದ ಸೋಂಕು ಸೊನ್ನೆ. ಸೋಂಕಿಲ್ಲ ಎಂದು ಬಂದವರಿಗೂ ಬರಿಗೈ ಇಲ್ಲ: ಸೋಂಕನ್ನು ಮೊದಲೇ ತಡೆಯುವ ಮಾತ್ರೆಗೆ 2012ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಒಂದು ಕಾಲದಲ್ಲಿ ಪರೀಕ್ಷೆಗೆ ಕರೆಯುವುದೆಂದರೆ ಕೆಟ್ಟ ಸುದ್ದಿ ಕೇಳಲು ಕರೆಯುವುದಾಗಿತ್ತು. ಇಂದು ಎರಡೂ ಉತ್ತರಗಳ ಹಿಂದೆ ಒಂದೊಂದು ಔಷಧಿ ಇದೆ. ಒಳ್ಳೆಯ ಕ್ಷೇತ್ರ ಕಾರ್ಯಕರ್ತರು ಮಾಡುವ ಮುಖ್ಯ ಕೆಲಸ, ಉತ್ತರ ಬಂದ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತಿದ್ದು, ಮೊದಲ ಬಾರಿ ವೈದ್ಯರ ಬಳಿ ಹೋಗುವಾಗ ಜೊತೆಗೆ ಬಸ್ ಹತ್ತುವುದು.

2018ರಿಂದ 2022ರ ನಡುವೆ ಅಮೆರಿಕದಲ್ಲಿ 13ರಿಂದ 24 ವರ್ಷದವರ ಹೊಸ ಸೋಂಕುಗಳು ಶೇ 30ರಷ್ಟು ಇಳಿದವು ಎಂದು ಸಿಡಿಸಿ ಅಂದಾಜಿಸಿದೆ. ಕಪ್ಪು ಗೇ ಪುರುಷರಲ್ಲಿ ಇಳಿಕೆ ಶೇ 16. ಲ್ಯಾಟಿನೊ ಗೇ ಪುರುಷರಲ್ಲಿ ಇಳಿಕೆಯೇ ಇಲ್ಲ. ಭಾಷೆಯ ತೊಡಕು, ವಲಸೆಯ ಭಯ ಇನ್ನೂ ಕರಗಿಲ್ಲ ಎಂಬುದು ನನ್ನ ಅರ್ಥ. ಈ ಕೆಲಸ ಅರ್ಧ ದಾರಿಯಲ್ಲಿರುವಾಗಲೇ, 2025ರ ಏಪ್ರಿಲ್‌ನಲ್ಲಿ, ಸಿಡಿಸಿಯ ಎಚ್‌ಐವಿ ತಡೆ ವಿಭಾಗದ ಅನೇಕರನ್ನು ಕೆಲಸದಿಂದ ತೆಗೆಯಲಾಯಿತು. ಬಳಗಗಳ ವಿಶ್ವಾಸ ಗಳಿಸಲು ಹತ್ತಾರು ವರ್ಷ ಬೇಕಾಗುತ್ತದೆ. ಅದನ್ನು ಕಳೆಯಲು ಒಂದು ಆದೇಶ ಸಾಕು.

ನಮ್ಮಲ್ಲಿಯೂ ಈ ವಿಜ್ಞಾನ ಬೇರೆಯಲ್ಲ. ಬೆಂಗಳೂರಿನಲ್ಲಿ 1999ರಲ್ಲಿ ಆರಂಭವಾದ ಸಂಗಮ, ಮೈಸೂರಿನಲ್ಲಿ ಲೈಂಗಿಕ ಕಾರ್ಮಿಕರೇ ನಡೆಸುವ ಆಶೋದಯ ಸಮಿತಿಯಂಥ ಸಂಘಟನೆಗಳು ಓರಗೆಯವರ ಮಾತಿಗಿರುವ ಶಕ್ತಿಯನ್ನು ಕರ್ನಾಟಕದಲ್ಲಿ ತೋರಿಸಿಕೊಟ್ಟಿವೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಕಲಮಿನ ಭಯ ತೆಗೆಯಿತು. ಅದೇ ತಿಂಗಳು ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಹೊರಗೆ ಹೇಳುವಂತಿಲ್ಲ, ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆಯೂ ಆಪ್ತಸಮಾಲೋಚನೆಯೂ ಉಚಿತ, ವೈರಸ್ಸನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧಿಯೂ ಉಚಿತ. ಹತ್ತಿರದ ಕೇಂದ್ರ ಯಾವುದೆಂದು ತಿಳಿಯಲು 1097ಕ್ಕೆ ಕರೆ ಮಾಡಬಹುದು, ಅದಕ್ಕೂ ಹಣ ಕೊಡಬೇಕಿಲ್ಲ. ನೀವು ಹೋಗುವುದಾದರೆ ಒಬ್ಬ ಗೆಳೆಯನನ್ನೂ ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಮನೆಯ ಹುಡುಗನೋ ನಿಮ್ಮ ವಿದ್ಯಾರ್ಥಿಯೋ ಈ ಮಾತನ್ನು ನಿಮ್ಮಲ್ಲಿ ಎತ್ತಿದರೆ, ಏಕೆ ಎಂದು ಕೇಳುವ ಮೊದಲು ‘ನಾನೂ ಬರುತ್ತೇನೆ’ ಎನ್ನಿ.